ಹಳೆಯ ಹಾಯಿದೋಣಿ ಕೊಳ್ಳುವ ಮುಂಚೆ ಅದರ ಮೈ ನೋಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಮುತ್ತ ಇರುವ ನಮ್ಮವರಲ್ಲಿ ಹಾಯಿದೋಣಿಯ ಹುಚ್ಚು ಹಿಡಿದವರು ಈಗ ಒಬ್ಬೊಬ್ಬರಾಗಿ ಸಿಗುತ್ತಿದ್ದಾರೆ. ಕನ್ನಡ ಕೂಟದ ಊಟದ ಸಾಲಿನಲ್ಲಿ, ಫೋನಿನಲ್ಲಿ, ಪತ್ರದಲ್ಲಿ ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ನಾನು ದೋಣಿ ಪರೀಕ್ಷಿಸಿ ವರದಿ ಕೊಡುವ ಸರ್ವೇಯರ್ ಅಲ್ಲ. ಎರಡು ಹಳೆಯ ದೋಣಿ ಕೊಂಡು, ಐದಾರನ್ನು ನೋಡಿ ಬೇಡವೆಂದು ಬಿಟ್ಟು ಬಂದವನು. ಬಿಟ್ಟು ಬಂದವುಗಳಿಂದಲೇ ಜಾಸ್ತಿ ಕಲಿತೆ. ಇಲ್ಲಿರುವುದು ಮುಖ್ಯವಾಗಿ 25ರಿಂದ 35 ಅಡಿಯ ಫೈಬರ್‌ಗ್ಲಾಸ್ ದೋಣಿಗಳ ಮಾತು.

## ಶುರುವಿನ ಪ್ರಶ್ನೆಗಳು

ಹಲ್ ಅಂದರೆ ದೋಣಿಯ ಯಾವ ಭಾಗ? ಕೀಲ್ ಕೂಡ ಅದರಲ್ಲೇ ಬರುತ್ತಾ?

ಹಲ್ ಅಂದರೆ ದೋಣಿಯ ಮೈ. ಡೆಕ್ಕಿನ ಕೆಳಗೆ ನೀರನ್ನು ಹೊರಗಿಡುವ ಚಿಪ್ಪು. ಕೀಲ್ ಅಂದರೆ ಆ ಮೈ ಕೆಳಗೆ ಮೀನಿನ ರೆಕ್ಕೆಯ ಹಾಗೆ ಇಳಿದಿರುವ ಭಾರ. ನಮ್ಮ ಮಂಡಿಯ ಕೀಲಿಗೂ ಇದಕ್ಕೂ ಸಂಬಂಧ ಇಲ್ಲ, ಆದರೆ ವಯಸ್ಸಾದ ಮೇಲೆ ಎರಡೂ ತೊಂದರೆ ಕೊಡುತ್ತವೆ. ಗಾಳಿಗೆ ದೋಣಿ ಒಂದು ಕಡೆ ವಾಲಿದಾಗ ಅದನ್ನು ಮತ್ತೆ ನೆಟ್ಟಗೆ ಮಾಡುವುದು ಈ ಭಾರ. ಕ್ಯಾಟಲೀನಾ 30 ಅನ್ನುವ ದೋಣಿಯಲ್ಲಿ ಸುಮಾರು 1,900 ಕಿಲೋ ಸೀಸ ಕೆಲವೇ ಬೋಲ್ಟುಗಳಿಂದ ನೇತಾಡುತ್ತಿರುತ್ತದೆ. ಆದ್ದರಿಂದ ಹಲ್ ನೋಡುವಾಗ ಕೀಲ್, ಅದು ಮೈಗೆ ಸೇರುವ ಜಾಗ, ಚುಕ್ಕಾಣಿ, ತಳದಲ್ಲಿರುವ ತೂತುಗಳು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ನಲವತ್ತು ವರ್ಷದ ದೋಣಿಯಂತೆ. ಕಾರಾಗಿದ್ದರೆ ಗುಜರಿಗೆ ಹೋಗಿರುತ್ತಿತ್ತು. ಇದನ್ನು ಕೊಳ್ಳಬಹುದಾ?

ಧಾರಾಳವಾಗಿ. ಫೈಬರ್‌ಗ್ಲಾಸಿಗೆ ತುಕ್ಕು ಹಿಡಿಯುವುದಿಲ್ಲ, ಹುಳು ತಿನ್ನುವುದಿಲ್ಲ. 1959ರ ನ್ಯೂಯಾರ್ಕ್ ದೋಣಿ ಮೇಳದಲ್ಲಿ ಮೊದಲು ತೋರಿಸಿದ ಪಿಯರ್ಸನ್ ಟ್ರೈಟನ್ ಜಾತಿಯ ದೋಣಿಗಳು ಇಂದಿಗೂ ನೀರಲ್ಲಿವೆ. ಕ್ಯಾಟಲೀನಾ 30 ಆರು ಸಾವಿರಕ್ಕೂ ಹೆಚ್ಚು ತಯಾರಾಗಿವೆ. ಕ್ಯಾಲಿಫೋರ್ನಿಯಾದಲ್ಲಿ ದೋಣಿ ಕಟ್ಟಿ ನಿಲ್ಲಿಸುವ ಯಾವ ಮರೀನಾಕ್ಕೆ ಹೋದರೂ ಎಂಬತ್ತರ ದಶಕದ ಒಂದೆರಡು ಕಣ್ಣಿಗೆ ಬೀಳುತ್ತವೆ.

ನಾನು ನೋಡಿದ ದೋಣಿಗಳಲ್ಲಿ ಕೆಟ್ಟುಹೋಗಿದ್ದದ್ದು ಹೆಚ್ಚಾಗಿ ಫೈಬರಿನೊಳಗೆ ಅಡಗಿಸಿಟ್ಟ ಮರ ಮತ್ತು ಲೋಹ. ಹೊರಗಿನ ಚಿಪ್ಪು ಗಟ್ಟಿಯಾಗೇ ಇರುತ್ತದೆ. ಎಲ್ಲೋ ಒಂದು ಸ್ಕ್ರೂ ತೂತಿನಿಂದ ನೀರು ಒಳಗೆ ಇಳಿದು, ಹತ್ತು ವರ್ಷ ಅಲ್ಲೇ ಕೂತಿರುತ್ತದೆ. ದೋಣಿಗೆ ಎಷ್ಟು ವಯಸ್ಸು ಅಂತ ಕೇಳುವ ಬದಲು ನೀರು ಎಲ್ಲಿ ನುಗ್ಗಿದೆ ಅಂತ ಹುಡುಕಿ.

ದೋಣಿ ನೀರಲ್ಲೇ ಇದೆ, ಒಂದು ಹನಿಯೂ ಸೋರ್ತಿಲ್ಲ. ಆದರೂ ಮೇಲೆತ್ತಿಸಿ ನೋಡಲೇಬೇಕಾ?

ಹೌದು. ಇದರಲ್ಲಿ ಚೌಕಾಸಿ ಬೇಡ. ನೀರಲ್ಲಿ ನಿಂತ ದೋಣಿಯಲ್ಲಿ ನಿಮಗೆ ಕಾಣುವುದು ಅರ್ಧ ಮಾತ್ರ, ಅದೂ ಪಾಲಿಶ್ ಮಾಡಿದ ಅರ್ಧ. ಅಮೆರಿಕದಲ್ಲಿ ಮೇಲೆತ್ತಿಸುವ ಖರ್ಚು, ಸರ್ವೇ ಖರ್ಚು ಎರಡನ್ನೂ ಸಾಮಾನ್ಯವಾಗಿ ಕೊಳ್ಳುವವರೇ ಕೊಡುತ್ತಾರೆ. ಆದ್ದರಿಂದ ಮೊದಲು ನೀವೇ ಒಂದೆರಡು ಗಂಟೆ ಕೂತು ನೋಡಿ. ಇಷ್ಟವಾದರೆ ಮುಂಗಡ ಕೊಟ್ಟು, ಸರ್ವೇ ಒಪ್ಪಿಗೆಯಾದರೆ ಮಾತ್ರ ವ್ಯಾಪಾರ ಅಂತ ಕರಾರಿನಲ್ಲಿ ಬರೆಸಿ, ಆಮೇಲೆ ಎತ್ತಿಸಿ. ಕೆಲವು ಬೋಟ್ ಯಾರ್ಡುಗಳು ಕೆಲಸದವರ ಊಟದ ಹೊತ್ತಿನಲ್ಲಿ ದೋಣಿಯನ್ನು ಕ್ರೇನಿನ ಪಟ್ಟಿಯಲ್ಲೇ ನೇತಾಡಿಸಿ ಬಿಡುತ್ತವೆ, ಕಡಿಮೆ ದುಡ್ಡಿಗೆ. ಒಂದು ಗಂಟೆ ಸಿಗುತ್ತದೆ. ಅಷ್ಟು ಸಾಕು.

ಒಂದು ಗುಟ್ಟು. ನೀರಿನಿಂದ ಆಗ ತಾನೇ ಎದ್ದ ದೋಣಿಯನ್ನು ನೋಡುವುದು, ತಿಂಗಳುಗಟ್ಟಲೆ ನೆಲದ ಮೇಲೆ ಒಣಗಿದ ದೋಣಿಯನ್ನು ನೋಡುವುದಕ್ಕಿಂತ ಒಳ್ಳೆಯದು. ಒಣಗಿದರೆ ತಳದ ಮೇಲೆದ್ದ ಸಣ್ಣ ಬೊಕ್ಕೆಗಳು ಕುಗ್ಗಿ ಮಾಯವಾಗುತ್ತವೆ. ಈಗಷ್ಟೇ ಎದ್ದದ್ದರಲ್ಲಿ ಇನ್ನೊಂದು ಲಾಭ ಉಂಟು. ಮೈ ಒರೆಸಿ ಹದಿನೈದು ನಿಮಿಷ ಸುಮ್ನೆ ಕಾಯಿರಿ. ಮಿಕ್ಕಿದ್ದೆಲ್ಲ ಒಣಗಿದ ಮೇಲೂ ಕೀಲಿನ ಸಂದಿಯಿಂದ ಅಥವಾ ಚುಕ್ಕಾಣಿಯ ತುದಿಯಿಂದ ತೊಟ್ಟಿಕ್ಕುತ್ತಿದ್ದರೆ, ಅಲ್ಲಿ ಒಳಗೆ ನೀರಿದೆ ಅಂತಲೇ ಅರ್ಥ.

ದೋಣಿ ಯಾವ ವರ್ಷದ್ದು ಅಂತ ಮಾರುವವರು ಹೇಳಿದ್ದನ್ನೇ ನಂಬಬೇಕಾ?

ಬೇಡ. ಅಮೆರಿಕದಲ್ಲಿ 1972ರ ನವೆಂಬರ್ 1ರಿಂದ ಈಚೆ ಕಟ್ಟಿದ ದೋಣಿಗಳಿಗೆ 12 ಅಕ್ಷರ-ಅಂಕಿಗಳ ಹಲ್ ನಂಬರ್ ಇರಲೇಬೇಕು. ದೋಣಿಯ ಹಿಂಭಾಗದಲ್ಲಿ, ಬಲಗಡೆ ಮೇಲಿನ ಮೂಲೆಯಲ್ಲಿ ನೋಡಿ. ಮೊದಲ ಮೂರು ಅಕ್ಷರ ತಯಾರಕರ ಗುರುತು, ಕೊನೆಯ ನಾಲ್ಕರಲ್ಲಿ ಕಾಲದ ಲೆಕ್ಕ ಇರುತ್ತದೆ. ಕಾಗದಪತ್ರದಲ್ಲಿರುವ ನಂಬರಿಗೆ ತಾಳೆಯಾಗದಿದ್ದರೆ ಮುಂದಿನ ಮಾತೇ ಬೇಡ.

## ಕಣ್ಣು, ಕೈ, ಕಿವಿ

ಮೊದಲ ಸಲ ನೋಡೋಕೆ ಹೋಗುವಾಗ ಏನೇನು ತಗೊಂಡು ಹೋಗ್ಲಿ?

ಒಳ್ಳೆಯ ಟಾರ್ಚ್, ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆ, ಕೈಗನ್ನಡಿ, ಒಂದು ಸ್ಪಂಜು, ಹಳೆಯ ಬಟ್ಟೆ. ಸಾಧ್ಯವಾದರೆ ದೋಣಿಯ ಬಗ್ಗೆ ಏನೂ ಆಸೆಯಿಲ್ಲದ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ನನ್ನ ಹೆಂಡತಿ ಈ ಕೆಲಸಕ್ಕೆ ಹೇಳಿ ಮಾಡಿಸಿದವಳು. ನಾನು ಹಾಯಿ ನೋಡಿ ಮರುಳಾಗುವಷ್ಟರಲ್ಲಿ ಅವಳು ಕಪಾಟು ತೆರೆದು "ಇಲ್ಲಿ ಯಾಕೆ ಈ ವಾಸನೆ?" ಅಂತ ಕೇಳಿರುತ್ತಾಳೆ. ಆ ವಾಸನೆಯ ಬೆನ್ನು ಹತ್ತಿ ಹೋದರೆ ಒದ್ದೆ ಮರ ಸಿಗುತ್ತದೆ.

ಸುತ್ತಿಗೆಯಿಂದ ತಟ್ಟಿದರೆ ಏನು ಗೊತ್ತಾಗುತ್ತೆ?

ಹಲಸಿನ ಹಣ್ಣು ತಟ್ಟಿ ನೋಡಿದವರಿಗೆ ಇದನ್ನು ಬೇರೆ ಹೇಳಿಕೊಡಬೇಕಾಗಿಲ್ಲ. ಗಟ್ಟಿ ಫೈಬರ್ ಟಣ್ ಅನ್ನುತ್ತದೆ, ಸುತ್ತಿಗೆ ಪುಟಿಯುತ್ತದೆ. ಪದರಗಳು ಬಿಟ್ಟುಕೊಂಡಿದ್ದರೆ, ಒಳಗಿನ ಮರ ಕೊಳೆತಿದ್ದರೆ ಡಬ್ ಅನ್ನುತ್ತದೆ, ಕೈಗೆ ಪುಟಿತ ಸಿಗುವುದಿಲ್ಲ. ಮೆಲ್ಲಗೆ, ಎರಡು ಮೂರು ಇಂಚಿಗೊಂದರಂತೆ ತಟ್ಟುತ್ತಾ ಹೋಗಿ. ಒಳಗೆ ಅಡ್ಡಗೋಡೆ, ನೀರಿನ ಟ್ಯಾಂಕ್, ಕಪಾಟು ಇರುವ ಕಡೆ ಸದ್ದು ಬದಲಾಗುವುದು ಸಹಜ. ಒಳಗೆ ಏನೂ ಇಲ್ಲದ ಕಡೆ ಸದ್ದು ಸತ್ತರೆ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಎಡಕ್ಕೂ ಬಲಕ್ಕೂ ಹೋಲಿಸಿ. ಎರಡು ಕಡೆಯೂ ಒಂದೇ ಥರ ಇದ್ದರೆ ಅದು ಕಟ್ಟಿದ ರೀತಿಯೇ ಇರಬಹುದು.

ಮಾರುವವರ ಅಪ್ಪಣೆ ಕೇಳಿಯೇ ತಟ್ಟಿ. ಕಬ್ಬಿಣದ ಸುತ್ತಿಗೆ ಮಾತ್ರ ಖಂಡಿತ ಬೇಡ.

ಮೈಮೇಲೆಲ್ಲ ಕೂದಲೆಳೆಯ ಬಿರುಕುಗಳಿವೆ. ವಾಪಸ್ ಬಂದ್ಬಿಡ್ಲಾ?

ಬರಬೇಡಿ, ಬಿರುಕಿನ ಆಕಾರ ನೋಡಿ. ಹೊರಗಿನ ಹೊಳಪು ಪದರಕ್ಕೆ ಜೆಲ್‌ಕೋಟ್ ಅನ್ನುತ್ತಾರೆ. ಅದರ ದಪ್ಪ ಅರ್ಧ ಮಿಲಿಮೀಟರ್ ಆಸುಪಾಸು. ದಪ್ಪ ಬಳಿದಷ್ಟೂ ವಯಸ್ಸಾದಂತೆ ಬಿರಿಯುವುದು ಜಾಸ್ತಿ. ಅಲ್ಲಲ್ಲಿ ಚದುರಿದ ಬಿರುಕು ನೋಡಲು ಚೆಂದವಲ್ಲ, ಅಷ್ಟೇ. ಜೇಡರ ಬಲೆಯ ಹಾಗೆ ಒಂದು ಬಿಂದುವಿನಿಂದ ಹರಡಿದ್ದರೆ ಅಲ್ಲಿ ಏನೋ ಬಡಿದಿದೆ. ಒಳಗಡೆ ಅದೇ ಜಾಗ ನೋಡಿ. ಒಂದರ ಪಕ್ಕ ಒಂದು ಸಾಲಾಗಿದ್ದರೆ ಮೈ ಅಲ್ಲಿ ಬಾಗುತ್ತಿದೆ. ಒಳಗಿನ ಅಡ್ಡಗೋಡೆಯ ಅಂಚಿನ ನೇರಕ್ಕೇ ಸಾಲಿದ್ದರೆ ಆ ಗೋಡೆಯನ್ನು ಮೈಗೆ ಹಿಡಿದಿರುವ ಫೈಬರ್ ಪಟ್ಟಿ ಬಿಟ್ಟುಕೊಂಡಿರಬಹುದು. ಒಳಗಿನ ಬಾಗಿಲುಗಳು ಸರಿಯಾಗಿ ಮುಚ್ಚುತ್ತವೆಯಾ ನೋಡಿ. ಮನೆ ಕುಸಿದಾಗ ಬಾಗಿಲು ಹಿಡಿಯುವ ಹಾಗೇ ಇದೂ.

ತಳದಲ್ಲಿ ನೀರು ನಿಂತಿತ್ತು. ಮಳೆ ನೀರು ಅಂದರು. ನಂಬಲಾ?

ಬೆರಳು ಅದ್ದಿ ಮೂಸಿ ನೋಡಿ. ಡೀಸೆಲ್ ವಾಸನೆ ಇಲ್ಲದಿದ್ದರೆ ನಾಲಿಗೆ ತುದಿಗೆ ಮುಟ್ಟಿಸಿ. ಉಪ್ಪೆನಿಸಿದರೆ ಕಡಲ ನೀರು, ಕೆಳಗಿನಿಂದ ಬಂದದ್ದು. ಸಿಹಿನೀರಾದರೆ ಮಳೆ ಇರಬಹುದು, ಟ್ಯಾಂಕ್ ಸೋರಿರಲೂಬಹುದು. ಹಾಯಿ ಕಟ್ಟುವ ಕೂವೆಮರ ಡೆಕ್ ದಾಟಿ ತಳದವರೆಗೆ ಇಳಿದಿರುವ ದೋಣಿಯಲ್ಲಿ ಮಳೆ ನೀರು ಸ್ವಲ್ಪ ಬಂದೇ ಬರುತ್ತದೆ. ಸ್ಪಂಜಿನಿಂದ ಪೂರ್ತಿ ಒರೆಸಿ, ಹೊರಡುವ ಹೊತ್ತಿಗೆ ಮತ್ತೊಮ್ಮೆ ನೋಡಿ.

ನೀರಿಗಿಂತ ನನಗೆ ಅನುಮಾನ ಬರುವುದು ಹೊಸದಾಗಿ ಬಣ್ಣ ಬಳಿದ ಬಿಲ್ಜ್, ಅಂದರೆ ನೀರು ಬಂದು ನಿಲ್ಲುವ ಒಳಗಿನ ತಳ, ಕಂಡಾಗ. ದೋಣಿಯಲ್ಲಿ ಉಳಿದದ್ದೆಲ್ಲ ಮಾಸಿ, ಯಾರೂ ನೋಡದ ತಳಕ್ಕೆ ಮಾತ್ರ ಹೊಳೆಯುವ ಬಣ್ಣ ಯಾಕೆ?

## ಬೊಕ್ಕೆ ಮತ್ತು ತೇವ

ತಳದ ಮೇಲೆ ಬೊಕ್ಕೆಗಳಿದ್ದವು. ದೋಣಿಗೆ ಸಿಡುಬು ಬಂದಿದೆ ಅಂತ ಗೆಳೆಯ ಹೆದರಿಸಿದ. ನಿಜವಾ?

ಎಲ್ಲರೂ ಹೆದರುವುದು ಇದಕ್ಕೇ. ನನ್ನ ಪ್ರಕಾರ ಪಟ್ಟಿಯಲ್ಲಿ ಇದು ಕೊನೆಗೆ ಬರಬೇಕು.

ಆಗುವುದು ಹೀಗೆ. ಜೆಲ್‌ಕೋಟ್ ಪೂರ್ತಿ ನೀರು ತಡೆಯುವುದಿಲ್ಲ. ವರ್ಷಗಟ್ಟಲೆ ನೀರಲ್ಲಿದ್ದಾಗ ಬಹಳ ನಿಧಾನವಾಗಿ ನೀರಿನ ಕಣಗಳು ಒಳಕ್ಕೆ ಇಳಿಯುತ್ತವೆ. ಒಳಗೆ ಫೈಬರನ್ನು ಹಿಡಿದಿಡುವ ರಾಳದಲ್ಲಿ ಸರಿಯಾಗಿ ಗಟ್ಟಿಯಾಗದೆ ಉಳಿದ ರಾಸಾಯನಿಕಗಳಿದ್ದರೆ ಅವು ಆ ನೀರಿನಲ್ಲಿ ಕರಗಿ ಗಾಢ ದ್ರವವಾಗುತ್ತವೆ. ಆ ದ್ರವ ಇನ್ನಷ್ಟು ನೀರನ್ನು ಎಳೆದುಕೊಳ್ಳುತ್ತದೆ. ಒಣ ಕಡಲೆ ನೀರಲ್ಲಿ ಊದುತ್ತದಲ್ಲ, ಹಾಗೆ ಒಳಗಿನ ಒತ್ತಡ ಏರಿ ಜೆಲ್‌ಕೋಟ್ ಉಬ್ಬುತ್ತದೆ. ಅದೇ ಬೊಕ್ಕೆ. ಚುಚ್ಚಿದರೆ ಹುಳಿ ವಾಸನೆಯ ದ್ರವ ಚಿಮ್ಮುತ್ತದೆ. ಕಣ್ಣಿಗೆ ಕನ್ನಡಕ ಇಲ್ಲದೆ ಚುಚ್ಚಬೇಡಿ.

ಉಪ್ಪು ನೀರಿಗಿಂತ ಸಿಹಿನೀರಿನಲ್ಲಿ, ತಣ್ಣೀರಿಗಿಂತ ಬೆಚ್ಚನೆ ನೀರಿನಲ್ಲಿ ಇದು ಜಾಸ್ತಿ. ಹಾಗಾಗಿ ನಮ್ಮ ಕೊಲ್ಲಿಯ ತಣ್ಣನೆ ಉಪ್ಪು ನೀರಿನಲ್ಲಿದ್ದ ದೋಣಿಗಿಂತ, ಮೇಲೆ ಸ್ಯಾಕ್ರಮೆಂಟೋ ಮತ್ತು ಸ್ಯಾನ್ ವಾಕೀನ್ ನದಿಗಳ ಡೆಲ್ಟಾದಲ್ಲಿ ಬೇಸಿಗೆಗಳನ್ನು ಕಳೆದ ದೋಣಿಯನ್ನು ಹೆಚ್ಚು ಗಮನವಿಟ್ಟು ನೋಡಿ. ದೋಣಿ ಎಲ್ಲೆಲ್ಲಿ ಇತ್ತು ಅಂತ ಕೇಳುವುದು ಇದಕ್ಕೇ.

ಕಡಲೆಕಾಳಿನ ಗಾತ್ರದ ಹತ್ತಿಪ್ಪತ್ತು ಬೊಕ್ಕೆಗಳಿದ್ದರೆ ತೆರೆದು, ಒಣಗಿಸಿ, ಎಪಾಕ್ಸಿ ಅನ್ನುವ ಗಟ್ಟಿ ಅಂಟು ತುಂಬಿದರಾಯಿತು. ಅಂಗೈ ಅಗಲದ ಬೊಕ್ಕೆಗಳು, ಅದರ ಕೆಳಗೆ ಫೈಬರ್ ಪದರಗಳೇ ಎದ್ದಿದ್ದರೆ ಅದು ಬೇರೆ ಕಥೆ. ತಳದ ಇಡೀ ಜೆಲ್‌ಕೋಟ್ ಸುಲಿದು, ತಿಂಗಳುಗಟ್ಟಲೆ ಒಣಗಿಸಿ, ಎಪಾಕ್ಸಿ ಕವಚ ಹಾಕಬೇಕು. ಹತ್ತು ಸಾವಿರ ಡಾಲರಿನ ದೋಣಿಗೆ ಆ ರಿಪೇರಿ ಮಾಡಿಸಿದರೆ ದೋಣಿಯ ಬೆಲೆಯೇ ಮುಳುಗಿಹೋಗುತ್ತದೆ.

ವೇಲಿಯಂಟ್ 40 ದೋಣಿಗಳದ್ದು ಇದರಲ್ಲಿ ಪ್ರಸಿದ್ಧ ಕಥೆ. ಎಪ್ಪತ್ತರ ದಶಕದಲ್ಲಿ ಅವನ್ನು ಕಟ್ಟುತ್ತಿದ್ದ ಯೂನಿಫ್ಲೈಟ್ ಕಂಪನಿ ವಿಯೆಟ್ನಾಂ ಯುದ್ಧಕ್ಕೆ ನದಿಯ ಗಸ್ತು ದೋಣಿಗಳನ್ನು ಮಾಡಿಕೊಟ್ಟ ಕಂಪನಿ. 1976ರ ಸುಮಾರಿಗೆ ಬೆಂಕಿ ತಡೆಯುವ ರಾಳ ಬಳಸಲು ಶುರು ಮಾಡಿದರು. ಆ ವರ್ಷಗಳ ದೋಣಿಗಳಿಗೆ ಮೈತುಂಬ ಬೊಕ್ಕೆ, ನೀರಿನ ಮಟ್ಟಕ್ಕಿಂತ ಮೇಲೂ. ಬೆಲೆ ಬಿದ್ದುಹೋಯಿತು. ಆದರೂ ಆ ಬೊಕ್ಕೆಯ ದೋಣಿಗಳಲ್ಲೇ ಜನ ಸಾಗರ ದಾಟುತ್ತಲೇ ಬಂದರು.

ತೇವ ಅಳೆಯುವ ಮಾಯಿಶ್ಚರ್ ಮೀಟರ್ ಕೊಂಡು ನಾನೇ ನೋಡಬಹುದಾ?

ನೋಡಬಹುದು, ಆದರೆ ಮೀಟರ್ ಸುಳ್ಳು ಹೇಳುವುದರಲ್ಲಿ ನಿಸ್ಸೀಮ. ತಳದ ಬಣ್ಣದಲ್ಲಿ ತಾಮ್ರ ಇರುತ್ತದೆ, ಮುಳ್ಳು ಏರುತ್ತದೆ. ಒಳಗೆ ನೀರಿನ ಟ್ಯಾಂಕ್ ಇದ್ದರೂ ಏರುತ್ತದೆ. ಮೇಲೆ ಉಪ್ಪು ಒಣಗಿದ್ದರೂ ಅಷ್ಟೇ. ಮಾರುವವರು ಒಪ್ಪಿದರೆ ಅಲ್ಲಲ್ಲಿ ಅಂಗೈ ಅಗಲ ಬಣ್ಣ ಕೆರೆದು, ತೊಳೆದು, ಒಣಗಿಸಿ ಇಡಬೇಕು. ಮೊದಲು ನೀರಿನ ಮಟ್ಟಕ್ಕಿಂತ ಮೇಲಿನ ಒಣ ಭಾಗದಲ್ಲಿ ಎಷ್ಟು ತೋರಿಸುತ್ತದೆ ಅಂತ ಬರೆದುಕೊಂಡು, ಕೆಳಗಿನದನ್ನು ಅದಕ್ಕೆ ಹೋಲಿಸಿ. ಒಂದೇ ಅಂಕಿ ಹಿಡಿದುಕೊಂಡು ಗಾಬರಿಯಾಗಬೇಡಿ. ಮೀಟರೂ ಸುತ್ತಿಗೆಯೂ ಒಂದೇ ಜಾಗ ತೋರಿಸಿದರೆ ಆಗ ನಂಬಿ.

ಬಾಲ್ಸಾ ಕೋರ್ ಅಂತಾರಲ್ಲ, ಅದಿದ್ದರೆ ಬೇಡವೇ ಬೇಡ ಅಂತಾರೆ. ಸರಿಯಾ?

ಎರಡು ತೆಳು ಫೈಬರ್ ಹಾಳೆಗಳ ನಡುವೆ ಹಗುರ ಮರ ಇಟ್ಟು ಒತ್ತಿದರೆ ಗಟ್ಟಿಯೂ ಹಗುರವೂ ಆದ ಮೈ ಸಿಗುತ್ತದೆ. ರೇಸಿನಲ್ಲಿ ಹೆಸರಾದ ಜೆ/24 ದೋಣಿಯ ಹಲ್ ಹೀಗೇ ಕಟ್ಟಿದ್ದು. ಒಣಗಿದ್ದರೆ ಬಾಲ್ಸಾ ಬಹಳ ಒಳ್ಳೆಯದು. ಒದ್ದೆಯಾದರೆ ಕೊಳೆತ ಬಾಳೆದಿಂಡಿನ ಹಾಗಾಗುತ್ತದೆ. ಎಷ್ಟೋ ದೋಣಿಗಳಲ್ಲಿ ಹಲ್ ಬರೀ ಫೈಬರ್ ಇದ್ದು ಡೆಕ್ಕಿನಲ್ಲಿ ಮಾತ್ರ ಮರ ಇರುತ್ತದೆ. ಕಂಬಿಯ ಬುಡ, ಹಾಯಿಯ ಹಗ್ಗ ಸುತ್ತುವ ವಿಂಚಿನ ಬುಡ, ಹೀಗೆ ಎಲ್ಲೆಲ್ಲಿ ಬೋಲ್ಟ್ ತೂತು ಕೊರೆದಿದೆಯೋ ಅಲ್ಲೆಲ್ಲ ತಟ್ಟಿ. ಡೆಕ್ಕಿನ ಮೇಲೆ ಹಿಮ್ಮಡಿ ಊರಿ ನಡೆಯಿರಿ. ಹಾಸಿಗೆಯ ಹಾಗೆ ಮೆತ್ತಗಾದರೆ ಒಳಗೆ ಮರ ಉಳಿದಿಲ್ಲ. ನಾನು ಬಿಟ್ಟು ಬಂದ ಐದಾರರಲ್ಲಿ ಮೂರು ಈ ಕಾರಣಕ್ಕೇ.

## ಕೀಲ್, ಬೋಲ್ಟ್, ತೂತುಗಳು

ಕೀಲ್ ಸೇರುವ ಕಡೆ ಮುಂದುಗಡೆ ನಗುವಿನ ಹಾಗೆ ಬಿರುಕಿದೆ. ಏನಿದು?

ಇದಕ್ಕೆ ಇಲ್ಲಿಯವರು "ಕ್ಯಾಟಲೀನಾ ಸ್ಮೈಲ್" ಅಂತಲೇ ಹೆಸರಿಟ್ಟಿದ್ದಾರೆ. ಆ ದೋಣಿಗಳಲ್ಲಿ ಅಷ್ಟು ಸಾಮಾನ್ಯ. ಬೇರೆ ಕಂಪನಿಯವುಗಳಲ್ಲೂ ಬರುತ್ತದೆ. ಕೀಲ್ ಮತ್ತು ಮೈ ನಡುವಿನ ಅಂಟು ಹಳೆಯದಾಗಿ, ಬೋಲ್ಟುಗಳು ಸ್ವಲ್ಪ ಸಡಿಲವಾಗಿ ಮುಂದಿನ ಅಂಚು ಬಾಯಿ ಬಿಟ್ಟಿರುತ್ತದೆ. ಎಷ್ಟೋ ಸಲ ಸಂದಿ ಕೆರೆದು, ತುಂಬಿ, ಬೋಲ್ಟುಗಳನ್ನು ಸರಿಯಾದ ಅಳತೆಗೆ ಬಿಗಿದರೆ ಮುಗಿಯಿತು.

ಬಿಗಿದರೂ ಬೋಲ್ಟ್ ತಿರುಗುತ್ತಲೇ ಇದ್ದರೆ, ಅದರ ಕೆಳಗಿನ ವಾಷರ್ ತಳಕ್ಕೆ ಇಳಿಯುತ್ತಿದ್ದರೆ ನಿಲ್ಲಿಸಿ. ಮೊದಮೊದಲಿನ ಕ್ಯಾಟಲೀನಾ 30ಗಳಲ್ಲಿ ಕೀಲ್ ಸೇರುವ ಜಾಗದ ಒಳಗೆ ಪ್ಲೈವುಡ್ ಇತ್ತು. ಬಿಲ್ಜ್ ನೀರು ಅದಕ್ಕೆ ಇಳಿದು ಕೊಳೆತರೆ ಬೋಲ್ಟಿನ ಕೆಳಗೆ ಹಿಡಿತವೇ ಇರುವುದಿಲ್ಲ. ರಿಪೇರಿ ಸಾಧ್ಯ, ದುಬಾರಿ. ಮತ್ತೆ ಅದೇ ಕಥೆ ನೋಡಿ: ಫೈಬರ್ ಸರಿ ಇದೆ, ಅಡಗಿದ ಮರ ಹೋಗಿದೆ.

ಬಿಲ್ಜ್‌ನಲ್ಲಿ ಕೀಲ್ ಬೋಲ್ಟಿನ ತಲೆ ಪಳಪಳ ಹೊಳೆಯುತ್ತಿದೆ. ಅಷ್ಟು ನೋಡಿದರೆ ಸಾಕಾ?

ಸಾಲದು. ಸ್ಟೇನ್‌ಲೆಸ್ ಸ್ಟೀಲಿಗೆ ಗಾಳಿ ತಾಗುತ್ತಿರಬೇಕು. ಅದರ ಮೈಮೇಲಿನ ರಕ್ಷಣೆಯ ಪೊರೆ ಉಳಿಯುವುದೇ ಆಮ್ಲಜನಕದಿಂದ. ಸಂದಿಯೊಳಗೆ, ಗಾಳಿಯಿಲ್ಲದ ಒದ್ದೆಯಲ್ಲಿ ಅದು ಒಳಗೊಳಗೇ ಸವೆಯುತ್ತದೆ. ಮೇಲೆ ಕನ್ನಡಿ, ಕೆಳಗೆ ಸೊಂಟ ಸಣ್ಣಗಾದ ಬೋಲ್ಟ್. ತಲೆಯ ಸುತ್ತ ಕಂದು ಕಲೆ ಇದೆಯಾ, ತಳದಲ್ಲಿ ಬಿರುಕಿದೆಯಾ, ಹೊರಗಡೆ ಕೀಲಿನ ಸಂದಿಯಿಂದ ತುಕ್ಕಿನ ಗೆರೆ ಇಳಿದಿದೆಯಾ ನೋಡಿ. ಪೂರ್ತಿ ಖಚಿತವಾಗಬೇಕಾದರೆ ಕೀಲನ್ನು ಕೆಳಗಿಳಿಸಬೇಕು, ಅಥವಾ ಎಕ್ಸ್‌ರೇ ತೆಗೆಸಬೇಕು. ಕೆಲವು ದೋಣಿಗಳಲ್ಲಿ ಕೀಲಿನ ಭಾರ ಫೈಬರಿನ ಒಳಗೇ ಇರುತ್ತದೆ, ಬೋಲ್ಟ್ ಇಲ್ಲ. ಅಲ್ಲಿ ಕೆಳಗಿನ ಅಂಚು ಬಂಡೆಗೆ ತಾಗಿ ಒಡೆದಿದೆಯಾ ಅಂತ ಮೊದಲು ನೋಡಿ.

"ಒಂದೇ ಒಂದು ಸಲ ಮರಳಿಗೆ ತಾಗಿತ್ತು, ಅಷ್ಟೇ" ಅಂದರು. ತಲೆ ಕೆಡಿಸಿಕೊಳ್ಳಬೇಕಾ?

ಈ ಕೊಲ್ಲಿಯಲ್ಲಿ ಕೆಸರಿಗೆ ತಾಗದ ದೋಣಿ ಇಲ್ಲ. ಕೆಸರು ಏನೂ ಮಾಡುವುದಿಲ್ಲ. ಬಂಡೆಗೆ ವೇಗವಾಗಿ ಬಡಿದಿದ್ದರೆ ಕೀಲಿನ ಮುಂದಿನ ಅಂಚಿನಲ್ಲಿ ತಗ್ಗು ಸಿಗುತ್ತದೆ. ಆದರೆ ಏಟಿನ ನೋವು ಕಾಣುವುದು ಇನ್ನೊಂದು ತುದಿಯಲ್ಲಿ. ಕೀಲ್ ಸನ್ನೆಗೋಲಿನ ಹಾಗೆ ತಿರುಗಿ, ಅದರ ಹಿಂದಿನ ಅಂಚು ಮೈಯನ್ನು ಮೇಲಕ್ಕೆ ಒತ್ತುತ್ತದೆ. ಆದ್ದರಿಂದ ಒಳಗೆ, ಕೀಲಿನ ಹಿಂತುದಿಯ ಮೇಲಿರುವ ಅಡ್ಡಪಟ್ಟಿಗಳನ್ನು ಟಾರ್ಚ್ ಹಾಕಿ ನೋಡಿ.

ಇದನ್ನು ಹಗುರವಾಗಿ ತೆಗೆದುಕೊಳ್ಳದಿರಲು ಕಾರಣ ಇದೆ. 2014ರ ಮೇ ತಿಂಗಳಲ್ಲಿ ಚೀಕಿ ರಫೀಕಿ ಅನ್ನುವ ಬ್ರಿಟಿಷ್ ಹಾಯಿದೋಣಿ ಆಂಟಿಗುವಾದಿಂದ ಇಂಗ್ಲೆಂಡಿಗೆ ಮರಳುವಾಗ ಅಟ್ಲಾಂಟಿಕ್‌ನಲ್ಲಿ ಕೀಲ್ ಕಳಚಿ ಮಗುಚಿತು. ನಾಲ್ವರೂ ತೀರಿಕೊಂಡರು. ಹಿಂದೆ ನೆಲಕ್ಕೆ ತಾಗಿದ್ದು, ಆಮೇಲಿನ ರಿಪೇರಿಗಳು, ಇವೆಲ್ಲ ಸೇರಿ ಕೀಲ್ ಕೂರುವ ಜಾಗವನ್ನು ದುರ್ಬಲ ಮಾಡಿರಬಹುದು ಎಂದು ಬ್ರಿಟನ್ನಿನ ತನಿಖಾ ವರದಿ ಹೇಳಿತು. ಆ ದೋಣಿಯಲ್ಲಿ ಒಳಗಿನ ಚೌಕಟ್ಟನ್ನು ಮೈಗೆ ಅಂಟಿಸಲಾಗಿತ್ತು. ಅಂಟು ಬಿಟ್ಟರೆ ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಅಂಥ ಚೌಕಟ್ಟಿರುವ ದೋಣಿಯಲ್ಲಿ ಅದನ್ನು ತಟ್ಟಿ ನೋಡದ ಸರ್ವೇಯರ್ ನಿಮಗೆ ಬೇಡ.

ತಳದ ವಾಲ್ವುಗಳು ಹಸಿರುಗಟ್ಟಿವೆ. ಎಲ್ಲ ಬದಲಾಯಿಸಬೇಕಾ?

ಹಸಿರು ಪರವಾಗಿಲ್ಲ. ನಸುಗೆಂಪು ಕಂಡರೆ ಹೆದರಿ. ಹಿತ್ತಾಳೆಯಲ್ಲಿ ತಾಮ್ರ, ಸತು ಎರಡೂ ಇರುತ್ತವೆ. ಕಡಲ ನೀರಿನಲ್ಲಿ ಸತು ಕರಗಿ ಹೋಗಿ, ಸ್ಪಂಜಿನಂಥ ತಾಮ್ರ ಉಳಿಯುತ್ತದೆ. ಸ್ವಲ್ಪ ಒತ್ತಿದರೂ ಮುರಿಯುತ್ತದೆ. ದೋಣಿಗೆ ಬೇಕಾದದ್ದು ಕಂಚಿನ ಸೀಕಾಕ್, ಅಂದರೆ ತಳದ ತೂತಿಗೆ ಹಾಕುವ ವಾಲ್ವ್. ಮನೆಯ ನಲ್ಲಿಗೆ ಹಾಕುವಂಥ ಹಿತ್ತಾಳೆ ವಾಲ್ವ್ ಕಂಡರೆ ಬದಲಾಯಿಸುವ ಖರ್ಚು ಲೆಕ್ಕಕ್ಕೆ ಹಿಡಿಯಿರಿ.

ದೋಣಿ ನೀರಲ್ಲಿರುವಾಗ ಬಿಗಿದುಕೊಂಡ ವಾಲ್ವನ್ನು ಒತ್ತಾಯ ಮಾಡಿ ತಿರುಗಿಸಬೇಡಿ. ನಾನು ಮಾಡಿದ್ದೆ. ಹಿಡಿಕೆ ಕೈಗೇ ಬಂತು. ಪುಣ್ಯಕ್ಕೆ ಹಿಡಿಕೆ ಮಾತ್ರ.

## ಕೊಳ್ಳುವ ಹೊತ್ತಿಗೆ

ಸರ್ವೇಯರನ್ನು ಹುಡುಕುವುದು ಹೇಗೆ? ಬ್ರೋಕರೇ ಒಬ್ಬರ ಹೆಸರು ಕೊಟ್ಟರು.

ಬ್ರೋಕರಿಗೆ ವ್ಯಾಪಾರ ಆಗಬೇಕು. ನಿಮಗೆ ನಿಜ ಬೇಕು. ಬೇರೆಯವರನ್ನು ನೀವೇ ಹುಡುಕಿ. ಅಮೆರಿಕದಲ್ಲಿ ದೋಣಿ ಸರ್ವೇಯರ್ ಅಂತ ಬೋರ್ಡ್ ಹಾಕಲು ಲೈಸೆನ್ಸ್ ಬೇಕಿಲ್ಲ. ಹಾಗಾಗಿ ದೋಣಿ ಸರ್ವೇಯರುಗಳ ಸಂಘಗಳಾದ ಸ್ಯಾಮ್ಸ್ (SAMS) ಅಥವಾ ನ್ಯಾಮ್ಸ್ (NAMS) ಮಾನ್ಯತೆ ಇದೆಯಾ, ಹಾಯಿದೋಣಿಗಳನ್ನೇ ಹೆಚ್ಚು ನೋಡುತ್ತಾರಾ ಅಂತ ಕೇಳಿ. ಹಳೆಯ ವರದಿಯೊಂದರ ಮಾದರಿ ತರಿಸಿ ಓದಿ. ಶುಲ್ಕ ಅಡಿ ಲೆಕ್ಕದಲ್ಲಿ. ನಾನು ಕಳೆದ ಸಲ ಅಡಿಗೆ 25 ಡಾಲರ್ ಕೊಟ್ಟೆ. ಹಳೆಯ ದೋಣಿಗೆ ವಿಮೆ ಕೊಡುವ ಕಂಪನಿಗಳು ಹೇಗೂ ಈ ವರದಿ ಕೇಳುತ್ತವೆ. ಸರ್ವೇ ದಿನ ರಜೆ ಹಾಕಿ ಜೊತೆಗೇ ಇರಿ. ವರದಿಯಲ್ಲಿ ಬರೆಯದ ಎಷ್ಟೋ ಮಾತನ್ನು ಅವರು ಬಾಯಲ್ಲಿ ಹೇಳುತ್ತಾರೆ.

ವರದಿಯಲ್ಲಿ ನಲವತ್ತು ದೋಷ ಬಂದಿದೆ. ಬಿಟ್ಟುಬಿಡಲಾ, ಬೆಲೆ ಇಳಿಸಲಾ?

ನಲವತ್ತರಲ್ಲಿ ಮೂವತ್ತೈದು ಬಲ್ಬ್, ಹೋಸ್ ಕ್ಲಿಪ್ ಥರದವು. ಉಳಿದ ಐದಕ್ಕೆ ಯಾರ್ಡಿನಿಂದ ಬರವಣಿಗೆಯಲ್ಲಿ ಅಂದಾಜು ತರಿಸಿ, ಅದನ್ನು ಮಾರುವವರ ಮುಂದಿಡಿ. ಬೊಕ್ಕೆ, ವಾಲ್ವ್, ಚುಕ್ಕಾಣಿಯೊಳಗಿನ ನೀರು, ಇವಕ್ಕೆಲ್ಲ ಬೆಲೆಯಲ್ಲಿ ಪರಿಹಾರ ಇದೆ. ಕೀಲ್ ಕೂರುವ ಜಾಗ ಮೆತ್ತಗಾಗಿದ್ದರೆ, ಹಲ್ ಒಳಗಿನ ಮರದ ಕೋರ್ ಚಾಪೆಯಗಲ ಒದ್ದೆಯಾಗಿದ್ದರೆ ಬಿಟ್ಟು ಬನ್ನಿ. ಪುಕ್ಕಟೆ ಕೊಟ್ಟರೂ ಬೇಡ. ಮರೀನಾ ಬಾಡಿಗೆ ತಿಂಗಳು ತಿಂಗಳು ಓಡುತ್ತಲೇ ಇರುತ್ತದೆ.

ಊರಲ್ಲಿ ಅಣ್ಣ ಮೀನುಗಾರಿಕೆಗೆ ಹಳೆಯ ಫೈಬರ್ ದೋಣಿ ಕೊಳ್ಳುತ್ತಿದ್ದಾನೆ. ಇದೇ ವಿದ್ಯೆ ಅಲ್ಲೂ ನಡೆಯುತ್ತಾ?

ಅರ್ಧ ನಡೆಯುತ್ತದೆ. ನಮ್ಮ ಕರಾವಳಿಯ ಔಟ್‌ಬೋರ್ಡ್ ದೋಣಿಗೆ ಭಾರದ ಕೀಲ್ ಇಲ್ಲ, ಬೋಲ್ಟಿನ ತಲೆನೋವೂ ಇಲ್ಲ. ಮರಳ ಮೇಲೆ ಎಳೆದಿಡುವ ದೋಣಿ ವರ್ಷಪೂರ್ತಿ ನೀರಲ್ಲಿ ನೆನೆಯುವುದಿಲ್ಲ, ಹಾಗಾಗಿ ಬೊಕ್ಕೆಯ ಚಿಂತೆಯೂ ಕಡಿಮೆ. ಎಳೆದೂ ಎಳೆದೂ ತಳದ ನಡುಗೆರೆ ಸವೆದಿರುತ್ತದೆ. ಅಲ್ಲಿ ಫೈಬರಿನ ನೂಲು ಎದ್ದು ಕಾಣುತ್ತಿದೆಯಾ ನೋಡಲಿ. ಬದಿಗಳನ್ನು ತಟ್ಟಿ ನೋಡಲಿ.

ಮುಖ್ಯವಾಗಿ ನೋಡಬೇಕಾದದ್ದು ಎಂಜಿನ್ ಕೂರಿಸುವ ಹಿಂದಿನ ಹಲಗೆ. ಫೈಬರಿನೊಳಗೆ ಅಲ್ಲಿ ಸಾಮಾನ್ಯವಾಗಿ ಪ್ಲೈವುಡ್ ಇರುತ್ತದೆ. ಎಂಜಿನ್ ಮೇಲಕ್ಕೆ ಮಡಚಿ, ಅದರ ಕಾಲಿನ ಮೇಲೆ ಕೈಯೂರಿ ಜೋರಾಗಿ ಅದುಮಲಿ. ಹಲಗೆ ಬಾಗಿದರೆ, ಬುಡದಲ್ಲಿ ಬಿರುಕು ಬಾಯಿ ಬಿಟ್ಟರೆ ಎಂಜಿನ್ ಬಿಚ್ಚಿಸಿ ಬೋಲ್ಟ್ ತೂತಿನೊಳಗೆ ಸ್ಕ್ರೂಡ್ರೈವರ್ ಹಾಕಿ ಕೆರೆಯಲಿ. ಒಣ ಸಿಪ್ಪೆ ಬಂದರೆ ವ್ಯಾಪಾರ ಮಾತಾಡಬಹುದು. ಕಪ್ಪಗೆ ಒದ್ದೆ ಪುಡಿ ಬಂದರೆ ಹೊಸ ಹಲಗೆಯ ಖರ್ಚು ಕಳೆದು ಬೆಲೆ ಕೇಳಲಿ.